ಟ್ರಾನ್ಸ್‌ಫಾರ್ಮ್ ಆದ ಎಲಿಮೆಂಟಿನ ಮೂಲೆಗಳು ಪರದೆಯ ಮೇಲೆ ಎಲ್ಲಿವೆ ಎಂದು ನಿಖರವಾಗಿ ತಿಳಿಯುವುದು ಹೇಗೆ?

ಪ್ರಶ್ನೆ: ಓರೆಅಕ್ಷರ, ಜಯನಗರ

ಎಲ್ಲರಿಗೂ ನಮಸ್ಕಾರ. ನಮ್ಮ ಮೆಟ್ರೋದ ಕನ್ನಡ ನಕ್ಷೆಯೊಂದನ್ನು ವೆಬ್ ಪುಟದ ರೂಪದಲ್ಲಿ ಸಿದ್ಧಪಡಿಸುತ್ತಿದ್ದೇನೆ. ಇದು ಯಾರೋ ಒಪ್ಪಿಸಿದ ಕೆಲಸವಲ್ಲ, ಬಿಡುವಿನ ವೇಳೆಯ ಹವ್ಯಾಸ. ನಿಲ್ದಾಣಗಳ ಹೆಸರನ್ನು ಮೊಟಕುಗೊಳಿಸದೆ ಪೂರ್ತಿಯಾಗಿ ಬರೆಯಬೇಕೆಂಬುದು ನನ್ನ ಹಟ. ಆದರೆ ನೇರಳೆ ಮಾರ್ಗದಲ್ಲಿ ಡಾ. ಬಿ.ಆರ್. ಅಂಬೇಡ್ಕರ್ ನಿಲ್ದಾಣ ವಿಧಾನಸೌಧ, ಸರ್ ಎಂ. ವಿಶ್ವೇಶ್ವರಯ್ಯ ನಿಲ್ದಾಣ ಸೆಂಟ್ರಲ್ ಕಾಲೇಜು, ನಾಡಪ್ರಭು ಕೆಂಪೇಗೌಡ ನಿಲ್ದಾಣ ಮೆಜೆಸ್ಟಿಕ್ ಎಂಬ ಮೂರು ಹೆಸರುಗಳು ಒಂದರ ಪಕ್ಕದಲ್ಲೊಂದು ಬರುತ್ತವೆ. ಅವನ್ನು ಅಡ್ಡಸಾಲಿನಲ್ಲಿ ಬರೆದರೆ ಒಂದರ ಮೇಲೊಂದು ಏರಿ ಕೂರುತ್ತವೆ. ಹಾಗಾಗಿ ಪ್ರತಿ ಹೆಸರಿನ ಪಟ್ಟಿಯನ್ನೂ (ಪುಟದ ಇಂಥ ಪ್ರತಿ ತುಣುಕೂ ಒಂದು ಎಲಿಮೆಂಟು), ಪುಟದ ರೂಪವನ್ನು ತೀರ್ಮಾನಿಸುವ ಸಿಎಸ್‌ಎಸ್ ಭಾಷೆಯಲ್ಲಿ ತಿರುಗಿಸಲು, ಹಿಗ್ಗಿಸಲು ಇರುವ ಟ್ರಾನ್ಸ್‌ಫಾರ್ಮ್ ಗುಣವನ್ನು ಬಳಸಿ, ಅಪ್ರದಕ್ಷಿಣವಾಗಿ 45 ಡಿಗ್ರಿ ಓರೆ ಮಾಡಿದ್ದೇನೆ.

ಹೆಸರನ್ನು ಮುಟ್ಟಿದಾಗ ಅದರ ಕೊನೆಯ ಅಕ್ಷರದ ಬಳಿಯಿಂದ, ಅಂದರೆ ಓರೆ ಪಟ್ಟಿಯ ಬಲತುದಿಯಿಂದ, ಒಂದು ತೆಳುಗೆರೆ ಹೊರಟು ನಿಲ್ದಾಣದ ವಿವರವಿರುವ ಚೀಟಿಯನ್ನು ಸೇರಬೇಕು. ಇದಕ್ಕೆ ಆ ಬಲತುದಿ ಪರದೆಯ ಮೇಲೆ ಎಲ್ಲಿದೆ ಎಂಬುದು ಗೊತ್ತಾಗಬೇಕು. ಎಲಿಮೆಂಟು ಎಲ್ಲಿದೆ ಎಂದು ಬ್ರೌಸರ್ ಹೇಳುವ ಆಫ್‌ಸೆಟ್‌ಲೆಫ್ಟ್ ಮತ್ತು ಆಫ್‌ಸೆಟ್‌ಟಾಪ್ ಮೌಲ್ಯಗಳು ಪಟ್ಟಿಯನ್ನು ತಿರುಗಿಸಿಯೇ ಇಲ್ಲವೇನೋ ಎಂಬಂತೆ ಹಳೆಯ ಜಾಗವನ್ನೇ ಹೇಳುತ್ತವೆ. ಎಲಿಮೆಂಟನ್ನು ಸುತ್ತುಗಟ್ಟುವ ನೇರ ಆಯತವನ್ನು ಕೊಡುವ ಗೆಟ್‌ಬೌಂಡಿಂಗ್‌ಕ್ಲೈಂಟ್‌ರೆಕ್ಟ್ ತಿರುಗಿದ್ದನ್ನು ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ, ಆದರೆ ಅದು ಕೊಡುವ ಆಯತದ ಮೂಲೆಗಳು ನನ್ನ ಪಟ್ಟಿಯ ಮೂಲೆಗಳಲ್ಲ. ಮೆಜೆಸ್ಟಿಕ್ ಪಟ್ಟಿಯ ಅಗಲ 240 ಪಿಕ್ಸೆಲ್, ಎತ್ತರ 24 ಪಿಕ್ಸೆಲ್. ತಿರುಗಿಸಿದ ಮೇಲೆ ನನಗೆ ದೊರೆತದ್ದು ಸುಮಾರು 186.7 ಪಿಕ್ಸೆಲ್ ಬದಿಯ ಒಂದು ಚೌಕ.

ಆ ಚೌಕದ ಅಳತೆಯಿಂದಲೂ ಕೋನದಿಂದಲೂ ಹಿಂದಕ್ಕೆ ಹೋಗಿ ಪಟ್ಟಿಯ ಅಗಲ ಎತ್ತರಗಳನ್ನು ಕಂಡುಹಿಡಿಯಲು ಎರಡು ಸಮೀಕರಣಗಳನ್ನು ಬರೆದುಕೊಂಡೆ. 30 ಡಿಗ್ರಿಗೆ ಲೆಕ್ಕ ಸರಿಯಾಗಿ ಬಂತು. 45 ಡಿಗ್ರಿಗೆ ಬಂದಾಗ ಸೊನ್ನೆಯಿಂದ ಭಾಗಿಸುವ ಪರಿಸ್ಥಿತಿ ಉಂಟಾಯಿತು. ಇದರ ಜೊತೆಗೆ ಇಡೀ ನಕ್ಷೆಯನ್ನು ಹಿಗ್ಗಿಸುವ ಗುಂಡಿಯೊಂದಿದೆ, ಫೋನನ್ನು ಅಡ್ಡ ಹಿಡಿದಾಗ ನಕ್ಷೆಯು ಅಗಲದ ದಿಕ್ಕಿನಲ್ಲಿ ಮಾತ್ರ ಹಿಗ್ಗುವ ಏರ್ಪಾಟೂ ಇದೆ. ಆಗ ಕೋನವನ್ನು ಏನೆಂದು ಹಿಡಿಯಬೇಕು ಎಂಬುದೇ ತಿಳಿಯುತ್ತಿಲ್ಲ. ಲೈಬ್ರರಿಯ ನೆರವಿಲ್ಲದೆ ಇದನ್ನು ಮಾಡುವ ದಾರಿ ಇದೆಯೇ?

ಉತ್ತರ 1: ಸರಳಗೆರೆ, ರಾಜಾಜಿನಗರ

ನಾನು ಹಿಂದೊಮ್ಮೆ ಅನುಸರಿಸಿದ ಉಪಾಯ ಹೀಗಿದೆ. ಅಳೆಯುವ ಕ್ಷಣದಲ್ಲಿ ಪಟ್ಟಿಯ ಟ್ರಾನ್ಸ್‌ಫಾರ್ಮನ್ನು ತೆಗೆದುಹಾಕಿ, ಗೆಟ್‌ಬೌಂಡಿಂಗ್‌ಕ್ಲೈಂಟ್‌ರೆಕ್ಟ್‌ನಿಂದ ನೇರ ಆಯತವನ್ನು ಪಡೆದು, ಕೂಡಲೇ ಟ್ರಾನ್ಸ್‌ಫಾರ್ಮನ್ನು ಮರಳಿ ಹಾಕಬೇಕು. ಇವೆಲ್ಲವೂ ಒಂದೇ ಫಂಕ್ಷನ್ನಿನೊಳಗೆ ಮುಗಿದರೆ ಬ್ರೌಸರ್ ನಡುವೆ ಚಿತ್ರ ಬಿಡಿಸುವುದಿಲ್ಲವಾದ್ದರಿಂದ ಬಳಕೆದಾರರಿಗೆ ಏನೂ ಕಾಣಿಸದು. ಆಮೇಲೆ ನೇರ ಆಯತದ ಮೂಲೆಗಳನ್ನು ಕೈಲೆಕ್ಕದಿಂದ ತಿರುಗಿಸಿಕೊಂಡರಾಯಿತು.

ಉತ್ತರ 2: ಮಾತೃಕೆಪ್ರಿಯ, ಬಸವನಗುಡಿ

ಮೇಲಿನ ಉಪಾಯವನ್ನು ನಾನು ಸಲಹೆ ಮಾಡಲಾರೆ. ಆ ಪಟ್ಟಿಗೆ ಟ್ರಾನ್ಸ್‌ಫಾರ್ಮ್ ಮೇಲೆ ಟ್ರಾನ್ಸಿಶನ್ (ಬದಲಾವಣೆಯನ್ನು ನಿಧಾನವಾಗಿ ನಡೆಸುವ ಏರ್ಪಾಟು) ಇದ್ದರೆ, ತೆಗೆದು ಅಳೆದ ಕ್ಷಣಕ್ಕೇ ಅದು ಚಾಲನೆಗೊಳ್ಳುತ್ತದೆ. ಆಗ ಅಳತೆಯೂ ಕೆಡುತ್ತದೆ, ಪಟ್ಟಿಯೂ ಅಲುಗಾಡುತ್ತದೆ. ಇಷ್ಟಾದರೂ ಪೋಷಕ ಎಲಿಮೆಂಟಿನ, ಎಂದರೆ ಪಟ್ಟಿಯನ್ನು ಒಳಗೊಂಡ ನಕ್ಷೆಯ, ಹಿಗ್ಗಿಸುವಿಕೆ ಹಾಗೆಯೇ ಉಳಿದಿರುತ್ತದೆ, ಅದನ್ನೂ ತೆಗೆಯಬೇಕೆಂದರೆ ಇಡೀ ಪುಟವನ್ನೇ ಬಿಚ್ಚಿ ಕಟ್ಟಿದಂತಾಗುತ್ತದೆ.

ಮೊದಲು 45 ಡಿಗ್ರಿಯ ಒಗಟನ್ನು ಬಿಡಿಸೋಣ, ಏಕೆಂದರೆ ನೀವು ಲೆಕ್ಕದಲ್ಲಿ ತಪ್ಪಿಲ್ಲ. ಸುತ್ತುಗಟ್ಟಿದ ಆಯತದ ಅಗಲವೆಂದರೆ ಪಟ್ಟಿಯ ಅಗಲವನ್ನು ಕೊಸೈನಿನಿಂದಲೂ ಎತ್ತರವನ್ನು ಸೈನಿನಿಂದಲೂ ಗುಣಿಸಿ ಕೂಡಿದ್ದು, ಆಯತದ ಎತ್ತರವೆಂದರೆ ಇದರ ಅದಲುಬದಲು. 45 ಡಿಗ್ರಿಯಲ್ಲಿ ಸೈನ್ ಮತ್ತು ಕೊಸೈನ್ ಎರಡೂ 0.7071 ಆಗಿರುವುದರಿಂದ ಎರಡು ಸಮೀಕರಣಗಳೂ ಒಂದೇ ಆಗಿಬಿಡುತ್ತವೆ. 240 ಮತ್ತು 24 ಸೇರಿ 264, ಅದನ್ನು 0.7071ರಿಂದ ಗುಣಿಸಿದರೆ 186.7. ಪಟ್ಟಿಯು 200ಕ್ಕೆ 64 ಇದ್ದಿದ್ದರೂ ಇದೇ ಚೌಕ ಬರುತ್ತಿತ್ತು. ಆಯತದಲ್ಲಿ ಆ ಮಾಹಿತಿಯೇ ಅಳಿಸಿಹೋಗಿರುವಾಗ ಯಾವ ಬೀಜಗಣಿತವೂ ಅದನ್ನು ಮರಳಿ ತರಲಾರದು. ಸುತ್ತುಗಟ್ಟಿದ ಆಯತ ಎಷ್ಟು ದಾರಿ ತಪ್ಪಿಸುತ್ತದೆಂದರೆ, ನಿಮ್ಮ ಚೌಕದ ಎಡ ಮೇಲ್ಮೂಲೆಯಿಂದ ಪಟ್ಟಿಯ ಅತಿ ಹತ್ತಿರದ ಅಂಚಿಗೇ 120 ಪಿಕ್ಸೆಲ್ ದೂರವಿದೆ.

ಹಾಗಿದ್ದರೂ ಆ ಆಯತದಲ್ಲಿ ಒಂದು ಬಿಂದು ಮಾತ್ರ ಸುಳ್ಳು ಹೇಳುವುದಿಲ್ಲ, ಅದು ಕೇಂದ್ರ. ತಿರುಗಿಸುವುದು, ಹಿಗ್ಗಿಸುವುದು, ಓರೆಯಾಗಿ ಎಳೆಯುವುದು, ಸರಿಸುವುದು ಇವುಗಳಲ್ಲಿ ಏನನ್ನೇ ಎಷ್ಟು ಸಲ ಮಾಡಿದರೂ ಆಯತವು ಸಮಾಂತರ ಚತುರ್ಭುಜವಾಗಿಯೇ ಉಳಿಯುತ್ತದೆ. ಸಮಾಂತರ ಚತುರ್ಭುಜದ ಕರ್ಣಗಳು ಪರಸ್ಪರ ಅರ್ಧಿಸುವುದರಿಂದ ಅದು ತನ್ನ ಕೇಂದ್ರದ ಸುತ್ತ ಸಮ್ಮಿತವಾಗಿರುತ್ತದೆ, ಆದ್ದರಿಂದ ಅದನ್ನು ಸುತ್ತುಗಟ್ಟಿದ ಆಯತದ ಕೇಂದ್ರವೂ ಅದೇ ಆಗಿರಲೇಬೇಕು. ಪಟ್ಟಿಯ ನಡುಬಿಂದು ಪರದೆಯ ಮೇಲೆ ಎಲ್ಲಿದೆ ಎಂಬುದನ್ನು ಗೆಟ್‌ಬೌಂಡಿಂಗ್‌ಕ್ಲೈಂಟ್‌ರೆಕ್ಟ್ ಹೀಗೆ ಪುಕ್ಕಟೆಯಾಗಿ ಕೊಟ್ಟುಬಿಡುತ್ತದೆ. ಸ್ಕ್ರೋಲ್, ಟ್ರಾನ್ಸ್‌ಫಾರ್ಮ್-ಒರಿಜಿನ್ (ಯಾವ ಬಿಂದುವಿನ ಸುತ್ತ ತಿರುಗಿಸಬೇಕೆಂಬುದು), ಅಂಚಿನ ದಪ್ಪ, ಪೋಷಕಗಳ ಸ್ಥಾನ ಎಲ್ಲವೂ ಅದರೊಳಗೆ ಸೇರಿಹೋಗಿರುತ್ತವೆ. ಇಂಥ ಲೆಕ್ಕಗಳಲ್ಲಿ ಜನರು ಹೆಚ್ಚಾಗಿ ಎಡವುವುದು ಟ್ರಾನ್ಸ್‌ಫಾರ್ಮ್-ಒರಿಜಿನ್ ಬಳಿಯಲ್ಲಿ, ಈ ದಾರಿಯಲ್ಲಿ ಅದರ ಗೊಡವೆಯೇ ಇಲ್ಲ.

ಇನ್ನು ಉಳಿದದ್ದು ಆಕಾರ. ಪಟ್ಟಿಯಿಂದ ಹೊರಟು ಮೇಲಕ್ಕೆ, ದಾಖಲೆಯ ಬೇರಿನವರೆಗೆ, ಒಂದೊಂದೇ ಪೋಷಕವನ್ನು ಹತ್ತುತ್ತ ಹೋಗಿ. ಪ್ರತಿಯೊಂದರ ಟ್ರಾನ್ಸ್‌ಫಾರ್ಮ್ ಮೌಲ್ಯವನ್ನು ಬ್ರೌಸರ್ ಲೆಕ್ಕಹಾಕಿದ ಶೈಲಿಯನ್ನು ಕೊಡುವ ಗೆಟ್‌ಕಂಪ್ಯೂಟೆಡ್‌ಸ್ಟೈಲ್‌ನಿಂದ ಓದಿ, ಅದನ್ನು ಮಾತೃಕೆಯಾಗಿ (ಮ್ಯಾಟ್ರಿಕ್ಸ್, ಸಂಖ್ಯೆಗಳ ಚೌಕಟ್ಟು) ಮಾಡುವ ಡಾಮ್‌ಮ್ಯಾಟ್ರಿಕ್ಸ್‌ಗೆ ಕೊಡಿ. ಮೌಲ್ಯ ನನ್ (none, ಏನೂ ಇಲ್ಲ) ಎಂದಿದ್ದರೂ ಚಿಂತೆಯಿಲ್ಲ, ಅದು ಏನನ್ನೂ ಬದಲಿಸದ ಏಕಮಾತೃಕೆಯನ್ನು ಕೊಡುತ್ತದೆ. ದೊರೆತ, ಎ ಇಂದ ಎಫ್‌ವರೆಗೆ ಹೆಸರಿರುವ ಆರು ಸಂಖ್ಯೆಗಳಲ್ಲಿ ಕೊನೆಯ ಎರಡು, ಎಂದರೆ ಇ ಮತ್ತು ಎಫ್, ಬರೀ ಸರಿಸುವಿಕೆಯನ್ನು ಹೇಳುತ್ತವೆ. ಅವನ್ನು ಸೊನ್ನೆ ಮಾಡಿಬಿಡಿ, ಸ್ಥಾನದ ಚಿಂತೆ ಕೇಂದ್ರಕ್ಕೆ ಸೇರಿದ್ದು. ಹೀಗೆ ಬಂದ ಮಾತೃಕೆಗಳನ್ನು ಗುಣಿಸುವಾಗ ಪೋಷಕದ್ದು ಎಡಕ್ಕೆ, ಮಗುವಿನದು ಬಲಕ್ಕೆ ಬರಬೇಕು. ಮಾತೃಕೆಗಳ ಗುಣಾಕಾರದಲ್ಲಿ ಕ್ರಮ ಬದಲಾದರೆ ಫಲಿತಾಂಶವೂ ಬದಲಾಗುತ್ತದೆ ಎಂದು ಪಿಯುಸಿಯಲ್ಲಿ ಉರು ಹೊಡೆದದ್ದು ನನಗೆ ನಿಜವಾಗಿ ಅರ್ಥವಾದದ್ದು ಇಲ್ಲಿಯೇ.

ಆಮೇಲೆ ಪಟ್ಟಿಯ ಅಗಲ ಎತ್ತರಗಳನ್ನು ಹೇಳುವ ಆಫ್‌ಸೆಟ್‌ವಿಡ್ತ್ ಮತ್ತು ಆಫ್‌ಸೆಟ್‌ಹೈಟ್ ತೆಗೆದುಕೊಳ್ಳಿ. ಅವು ಟ್ರಾನ್ಸ್‌ಫಾರ್ಮನ್ನು ಲೆಕ್ಕಿಸುವುದಿಲ್ಲ ಎಂಬ ಅದೇ ದೋಷ ಈಗ ಗುಣವಾಗುತ್ತದೆ. ನಿಮ್ಮ ಬಲತುದಿ ಕೇಂದ್ರದಿಂದ ಬಲಕ್ಕೆ 120, ಕೆಳಕ್ಕೆ 0. ಅಪ್ರದಕ್ಷಿಣ 45 ಡಿಗ್ರಿಯ ಮಾತೃಕೆಯಲ್ಲಿ ಎ 0.7071 ಮತ್ತು ಬಿ ಋಣ 0.7071, ಆದ್ದರಿಂದ ಬಲತುದಿಯು ಕೇಂದ್ರದಿಂದ ಬಲಕ್ಕೆ 84.85, ಮೇಲಕ್ಕೆ 84.85 ಪಿಕ್ಸೆಲ್ ದೂರದಲ್ಲಿದೆ. ನಾಲ್ಕು ಮೂಲೆಗಳು ಬೇಕಿದ್ದರೆ ಧನ ಋಣ 120, ಧನ ಋಣ 12 ಎಂಬ ನಾಲ್ಕು ಜೋಡಿಗಳನ್ನು ಇದೇ ರೀತಿ ಹಾಯಿಸಿ, ಕೇಂದ್ರಕ್ಕೆ ಕೂಡಿಸಿ.

ಫೋನನ್ನು ಅಡ್ಡ ಹಿಡಿದಾಗಿನ ಸಮಸ್ಯೆಗೂ ಬೇರೆ ಮದ್ದು ಬೇಕಿಲ್ಲ. ನಕ್ಷೆಯು ಅಗಲದಲ್ಲಿ ಮಾತ್ರ ಎರಡು ಪಟ್ಟಾದರೆ ಎ 1.414 ಆಗುತ್ತದೆ, ಬಿ ಹಾಗೆಯೇ ಉಳಿಯುತ್ತದೆ. ಆಗ ಅಕ್ಷರಸಾಲಿನ ಓರೆ 45 ಡಿಗ್ರಿಯಿಂದ ಸುಮಾರು 26.6 ಡಿಗ್ರಿಗೆ ಇಳಿಯುತ್ತದೆ, ಪಟ್ಟಿಯ ಮೂಲೆಗಳು ಲಂಬಕೋನವಾಗಿಯೂ ಉಳಿಯುವುದಿಲ್ಲ. ಕೋನ ಯಾವುದು ಎಂದು ನಿಮಗೆ ತಿಳಿಯದೇ ಹೋದದ್ದು ಸಹಜ, ಅಲ್ಲಿ ಒಂದು ಕೋನವಿಲ್ಲ. ಮಾತೃಕೆಗೆ ಮಾತ್ರ ಅದು ಇನ್ನೊಂದು ಗುಣಾಕಾರ, ಅಷ್ಟೆ.

ಒಂದು ಸಣ್ಣ ಎಚ್ಚರಿಕೆ: ಆಫ್‌ಸೆಟ್‌ವಿಡ್ತ್ ಪೂರ್ಣಾಂಕಕ್ಕೆ ಸರಿಹೊಂದಿಸಿದ ಸಂಖ್ಯೆ. ಕನ್ನಡ ಅಕ್ಷರಗಳ ಸಾಲಿನ ಅಗಲ ಪೂರ್ಣಾಂಕವಾಗಿ ಬರುವುದು ಅಪರೂಪ. ಅರ್ಧ ಪಿಕ್ಸೆಲಿನ ವ್ಯತ್ಯಾಸವೂ ಸಲ್ಲದೆಂದರೆ ಕಂಪ್ಯೂಟೆಡ್ ಸ್ಟೈಲಿನ ಅಗಲವನ್ನು ಓದಿ, ಬಾಕ್ಸ್-ಸೈಜಿಂಗ್ (ಆ ಅಗಲದಲ್ಲಿ ಅಂಚೂ ಸೇರಿದೆಯೇ ಎಂಬ ಗುಣ) ಏನಿದೆ ನೋಡಿಕೊಂಡು, ಪ್ಯಾಡಿಂಗ್ (ಒಳಗಿನ ತೆರಪು) ಮತ್ತು ಬಾರ್ಡರ್ (ಅಂಚು) ಇವುಗಳನ್ನು ಬೇಕಾದರೆ ಕೂಡಿಸಿಕೊಳ್ಳಿ.

ಪ್ರಶ್ನಿಸಿದವರ ಮರುಮಾತು: ಓರೆಅಕ್ಷರ, ಜಯನಗರ

ಕೇಂದ್ರ ಕದಲುವುದಿಲ್ಲ ಎಂಬುದು ಕಣ್ಣೆದುರೇ ಇದ್ದರೂ ಹೊಳೆದಿರಲಿಲ್ಲ. ನೇರಳೆ ಮತ್ತು ಹಸಿರು ಮಾರ್ಗಗಳ ಹೆಸರುಗಳೆಲ್ಲ ಈಗ ಸರಿಯಾಗಿವೆ. ಆದರೆ ಮೂರು ತೊಡಕುಗಳು ಉಳಿದಿವೆ.

ಮೊದಲನೆಯದು, 2025ರಲ್ಲಿ ಆರಂಭವಾದ ಹಳದಿ ಮಾರ್ಗವನ್ನು ನಾನು ಆಮೇಲೆ ಸೇರಿಸಿದೆ. ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರದವರೆಗಿನ ಆ ಹೆಸರುಗಳಲ್ಲಿ ಒಂದಕ್ಕೂ ಲೆಕ್ಕ ತಾಳೆಯಾಗುತ್ತಿಲ್ಲ, ಗೆರೆಯು ತಿರುಗದ ಪಟ್ಟಿಯ ಬಲತುದಿಗೆ ಹೋಗಿ ನಿಲ್ಲುತ್ತದೆ. ಎರಡನೆಯದು, ಬಿಂದುವಿನ ನಿರ್ದೇಶಾಂಕ ಸರಿಯಾಗಿದ್ದರೂ ಪೊಸಿಷನ್ ಫಿಕ್ಸೆಡ್ ಎಂದು ಕೊಟ್ಟ ಚೀಟಿ ಇನ್ನೆಲ್ಲೋ ತೆರೆದುಕೊಳ್ಳುತ್ತದೆ, ನಕ್ಷೆಯನ್ನು ಹಿಗ್ಗಿಸಿದಷ್ಟೂ ದೂರ ಹೋಗುತ್ತದೆ. ಮೂರನೆಯದು, ನಕ್ಷೆಯನ್ನು ಮೇಜಿನ ಮೇಲೆ ಹಾಸಿದಂತೆ ಹಿಂದಕ್ಕೆ ಬಾಗಿಸಿ ಪರ್ಸ್ಪೆಕ್ಟಿವ್‌ನೊಂದಿಗೆ ತೋರಿಸುವ ನೋಟವನ್ನೂ ಸೇರಿಸಬೇಕೆಂದಿದ್ದೇನೆ. ಅಲ್ಲಿಯೂ ಇದೇ ವಿಧಾನ ನಡೆಯುತ್ತದೆಯೇ?

ಉತ್ತರ 2ರ ಮುಂದುವರಿಕೆ: ಮಾತೃಕೆಪ್ರಿಯ, ಬಸವನಗುಡಿ

ಹಳದಿ ಮಾರ್ಗಕ್ಕೆ ನೀವು ಟ್ರಾನ್ಸ್‌ಫಾರ್ಮ್ ಬದಲು ರೊಟೇಟ್ ಎಂಬ ಪ್ರತ್ಯೇಕ ಸಿಎಸ್‌ಎಸ್ ಗುಣವನ್ನು ಬಳಸಿರಬೇಕು. ಟ್ರಾನ್ಸ್‌ಲೇಟ್, ರೊಟೇಟ್, ಸ್ಕೇಲ್ ಎಂಬ ಬಿಡಿ ಗುಣಗಳು 2022ರಲ್ಲಿ ಕ್ರೋಮ್‌ಗೂ ಬಂದ ಮೇಲೆ ಎಲ್ಲ ಪ್ರಮುಖ ಬ್ರೌಸರ್‌ಗಳಲ್ಲಿ ದೊರೆಯುತ್ತಿವೆ. ಆದರೆ ಕಂಪ್ಯೂಟೆಡ್ ಸ್ಟೈಲಿನ ಟ್ರಾನ್ಸ್‌ಫಾರ್ಮ್ ಮೌಲ್ಯದಲ್ಲಿ ಅವು ಸೇರಿರುವುದಿಲ್ಲ. ಅವನ್ನು ಬೇರೆಯಾಗಿ ಓದಿ, ಪ್ರತಿ ಎಲಿಮೆಂಟಿಗೂ ರೊಟೇಟ್, ಸ್ಕೇಲ್, ಟ್ರಾನ್ಸ್‌ಫಾರ್ಮ್ ಎಂಬ ಕ್ರಮದಲ್ಲಿ ಎಡದಿಂದ ಬಲಕ್ಕೆ ಗುಣಿಸಬೇಕು. ಟ್ರಾನ್ಸ್‌ಲೇಟ್ ಇವೆಲ್ಲಕ್ಕೂ ಮೊದಲು ಬರುತ್ತದಾದರೂ ನಮ್ಮ ಲೆಕ್ಕಕ್ಕೆ ಅದು ಬೇಕಿಲ್ಲ.

ಮೂರನೆಯ ಪ್ರಶ್ನೆಗೆ ಉತ್ತರ ಇಲ್ಲ ಎಂದೇ. ಪರ್ಸ್ಪೆಕ್ಟಿವ್ ಬಂದೊಡನೆ ದೂರದ ಅಂಚು ಕಿರಿದಾಗುತ್ತದೆ, ಸಮಾಂತರ ಗೆರೆಗಳು ಒಂದನ್ನೊಂದು ಸಮೀಪಿಸುತ್ತವೆ, ಸಮ್ಮಿತಿ ಮುರಿಯುತ್ತದೆ. ಆಯತದ ಕೇಂದ್ರ ಪಟ್ಟಿಯ ಕೇಂದ್ರವಾಗಿ ಉಳಿಯುವುದಿಲ್ಲ.

ಉತ್ತರ 3: ಸೊನ್ನೆಅಗಲ, ಮಲ್ಲೇಶ್ವರ

ಬಾಗಿದ ನೋಟಕ್ಕೂ ಒಗ್ಗುವ, ಗಣಿತವನ್ನೆಲ್ಲ ಬ್ರೌಸರ್‌ನ ತಲೆಗೆ ಕಟ್ಟುವ ಇನ್ನೊಂದು ದಾರಿ ಇದೆ. ಪಟ್ಟಿಯೊಳಗೆ ಅಗಲವೂ ಎತ್ತರವೂ ಸೊನ್ನೆಯಾಗಿರುವ ಸ್ಪ್ಯಾನ್ (ಪುಟ್ಟ ಎಲಿಮೆಂಟು) ಒಂದನ್ನು, ಸುತ್ತಲಿನದನ್ನು ಕದಲಿಸದೆ ಹೇಳಿದ ಜಾಗದಲ್ಲಿ ನಿಲ್ಲುವಂತೆ ಪೊಸಿಷನ್ ಆಬ್ಸಲ್ಯೂಟ್ ಮಾಡಿ, ನಿಮಗೆ ಬೇಕಾದ ಬಿಂದುವಿನಲ್ಲಿ ನೆಡಿ. ನಿಮ್ಮ ಉದ್ದೇಶಕ್ಕೆ ಅದು ಎಡದಿಂದ ನೂರು ಶೇಕಡಾ, ಮೇಲಿನಿಂದ ಐವತ್ತು ಶೇಕಡಾ. ಅದರ ಮೇಲೆ ಗೆಟ್‌ಬೌಂಡಿಂಗ್‌ಕ್ಲೈಂಟ್‌ರೆಕ್ಟ್ ಕರೆದರೆ ಬರುವ ಆಯತಕ್ಕೆ ವಿಸ್ತಾರವೇ ಇಲ್ಲದಿರುವುದರಿಂದ, ಅದರ ಲೆಫ್ಟ್ ಮತ್ತು ಟಾಪ್ ಮೌಲ್ಯಗಳೇ ಆ ಬಿಂದುವಿನ ನಿರ್ದೇಶಾಂಕಗಳು. ಬಿಂದುವನ್ನು ಎಷ್ಟು ತಿರುಗಿಸಿದರೂ ಅದನ್ನು ಸುತ್ತುಗಟ್ಟುವ ಆಯತ ಬಿಂದುವೇ ತಾನೆ? ಪರ್ಸ್ಪೆಕ್ಟಿವ್ ಇರಲಿ, ರೊಟೇಟ್ ಎಂಬ ಬಿಡಿ ಗುಣವಿರಲಿ, ಅನಿಮೇಶನ್ ನಡುವೆಯೇ ಇರಲಿ, ಇದು ತಪ್ಪುವುದಿಲ್ಲ.

ಟ್ರಾನ್ಸ್‌ಫಾರ್ಮ್ ಇರುವ ಎಲಿಮೆಂಟು ತನ್ನೊಳಗಿನ ಆಬ್ಸಲ್ಯೂಟ್ ಮಕ್ಕಳಿಗೆ ತಾನಾಗಿಯೇ ಆಧಾರವಾಗುತ್ತದೆ, ಆದ್ದರಿಂದ ನಿಮ್ಮ ಓರೆ ಪಟ್ಟಿಗಳಿಗೆ ಪೊಸಿಷನ್ ರಿಲೇಟಿವ್ ಸೇರಿಸುವ ಅಗತ್ಯವೂ ಇಲ್ಲ. ಆದರೆ ಶೇಕಡಾ ಲೆಕ್ಕ ಪ್ಯಾಡಿಂಗ್ ಪೆಟ್ಟಿಗೆಯದು, ಪಟ್ಟಿಗೆ ಬಾರ್ಡರ್ ಇದ್ದರೆ ಅದರ ದಪ್ಪದಷ್ಟು ಒಳಗೆ ಸರಿದಿರುತ್ತದೆ. ಚಿತ್ರ, ಇನ್‌ಪುಟ್, ಕ್ಯಾನ್ವಾಸ್‌ಗಳೊಳಗೆ ಹೀಗೆ ಸ್ಪ್ಯಾನ್ ನೆಟ್ಟು ಅಳೆಯಲಾಗದು. ಕೊನೆಯ ಮಗುವನ್ನು ಗುರುತಿಸಿ ಬರೆದ ಸಿಎಸ್‌ಎಸ್ ನಿಯಮಗಳಿದ್ದರೆ ಅವೂ ಎಡವುತ್ತವೆ. ಸ್ಪ್ಯಾನನ್ನು ಅಳತೆಗೊಮ್ಮೆ ನೆಟ್ಟು ಕೀಳುವ ಬದಲು ಪುಟ ಸಿದ್ಧವಾಗುವಾಗಲೇ ಎಲ್ಲ ಪಟ್ಟಿಗಳಿಗೂ ನೆಟ್ಟುಬಿಡುವುದು ಒಳ್ಳೆಯದು. ಎಲ್ಲ ಬಿಂದುಗಳನ್ನೂ ಮೊದಲು ಒಟ್ಟಿಗೆ ಓದಿ, ಆಮೇಲೆ ಗೆರೆಗಳನ್ನೂ ಚೀಟಿಯನ್ನೂ ಒಟ್ಟಿಗೆ ಬರೆಯಿರಿ. ಒಂದು ಓದು ಒಂದು ಬರಹ ಎಂದು ಹೆಣೆದರೆ ಬ್ರೌಸರ್ ಪ್ರತಿ ಸಲವೂ ವಿನ್ಯಾಸವನ್ನು ಹೊಸದಾಗಿ ಲೆಕ್ಕ ಹಾಕಬೇಕಾಗುತ್ತದೆ, ಹಳೆಯ ಫೋನುಗಳಲ್ಲಿ ಅದು ಕಣ್ಣಿಗೇ ಕಾಣಿಸುತ್ತದೆ.

ನಿಜ ಹೇಳಬೇಕೆಂದರೆ ಈ ಸ್ಪ್ಯಾನ್ ನೆಡುವ ಕಸರತ್ತು ಬೇಕಾಗಬಾರದಿತ್ತು. ನಾಲ್ಕು ಮೂಲೆಗಳನ್ನೇ ನೇರವಾಗಿ ಕೊಡುವ ಗೆಟ್‌ಬಾಕ್ಸ್‌ಕ್ವಾಡ್ಸ್ ಎಂಬುದು ಸಿಎಸ್‌ಎಸ್‌ಒಎಂ ವ್ಯೂ ಎಂಬ ವೆಬ್ ಮಾನದಂಡದ ಕರಡಿನಲ್ಲಿ ಬಹುಕಾಲದಿಂದ ಇದೆ. ಎಲ್ಲ ಬ್ರೌಸರ್‌ಗಳ ಮೇಲೆ ನಂಬಿಕೆಯಿಟ್ಟು ಬಳಸುವ ಸ್ಥಿತಿಗೆ ಮಾತ್ರ ಅದು ಬಂದಿಲ್ಲ.

ಎರಡನೆಯ ತೊಡಕು ಲೆಕ್ಕದ್ದಲ್ಲ. ಫಿಕ್ಸೆಡ್ ಎಂದರೆ ಯಾವಾಗಲೂ ಪರದೆಗೆ ಅಂಟಿಕೊಂಡದ್ದು ಎಂದು ನಾವು ನಂಬಿರುತ್ತೇವೆ. ಆದರೆ ಪೋಷಕಗಳಲ್ಲಿ ಯಾವುದಕ್ಕಾದರೂ ಟ್ರಾನ್ಸ್‌ಫಾರ್ಮ್ ಇದ್ದರೆ ಫಿಕ್ಸೆಡ್ ಎಲಿಮೆಂಟು ಪರದೆಯನ್ನು ಬಿಟ್ಟು ಆ ಪೋಷಕಕ್ಕೆ ಅಂಟಿಕೊಳ್ಳುತ್ತದೆ, ಅದರೊಡನೆ ಹಿಗ್ಗುತ್ತದೆ ಕೂಡ. ನಿಮ್ಮ ಚೀಟಿ ಹಿಗ್ಗುವ ನಕ್ಷೆಯ ಒಳಗೇ ಇದೆ. ಅದನ್ನು ಹೊರತೆಗೆದು ಬಾಡಿಯ (ಪುಟದ ವಿಷಯವನ್ನೆಲ್ಲ ಒಳಗೊಂಡ ಎಲಿಮೆಂಟಿನ) ನೇರ ಮಗುವಾಗಿಸಿ, ಇಲ್ಲವೇ ಪಾಪೋವರ್ ಆಗಿ ತೆರೆಯಿರಿ. ಪಾಪೋವರ್ ಎಲ್ಲಕ್ಕಿಂತ ಮೇಲಿನ ಪದರದಲ್ಲಿ ಮೂಡುವುದರಿಂದ ಅಲ್ಲಿ ಫಿಕ್ಸೆಡ್ ಎಂಬುದಕ್ಕೆ ಪರದೆಯೇ ಆಧಾರ.

ಉತ್ತರ 4: ತಿರುವುಮುರುವು, ವಿಜಯನಗರ

ಮೇಲಿನವರು ಹೇಳಿದ್ದಕ್ಕೆ ಎರಡು ಮಾತು ಸೇರಿಸುತ್ತೇನೆ. ಹಿಗ್ಗಿಸುವ ಗುಂಡಿಗೆ ಟ್ರಾನ್ಸಿಶನ್ ಇದ್ದರೆ, ಗುಂಡಿ ಒತ್ತಿದ ಕೂಡಲೇ ಅಳೆದದ್ದು ಆ ಕ್ಷಣದ ಮಧ್ಯಂತರ ಸ್ಥಾನವಾಗಿರುತ್ತದೆ. ಟ್ರಾನ್ಸಿಶನ್‌ಎಂಡ್ (ಚಲನೆ ಮುಗಿದ ಸೂಚನೆ) ಬಂದ ಮೇಲೆ ಇನ್ನೊಮ್ಮೆ ಅಳೆಯಿರಿ, ಅಥವಾ ಚಲನೆ ಮುಗಿಯುವವರೆಗೂ ರಿಕ್ವೆಸ್ಟ್‌ಅನಿಮೇಶನ್‌ಫ್ರೇಮ್‌ನಲ್ಲಿ ಪ್ರತಿ ಚೌಕಟ್ಟಿಗೂ ಗೆರೆಯನ್ನು ಹೊಸದಾಗಿ ಎಳೆಯಿರಿ. ರಿಸೈಜ್‌ಅಬ್ಸರ್ವರ್ ಎಚ್ಚರಿಸುತ್ತದೆಂದು ಕಾಯಬೇಡಿ. ಅದು ವಿನ್ಯಾಸದ ಅಳತೆಯನ್ನಷ್ಟೇ ಗಮನಿಸುತ್ತದೆ, ಟ್ರಾನ್ಸ್‌ಫಾರ್ಮಿನಿಂದ ಆದ ಹಿಗ್ಗುವಿಕೆ ಅದಕ್ಕೆ ಕಾಣಿಸದು.

ಮುಂದೊಂದು ದಿನ ನಿಮಗೆ ತಿರುಗುಮುರುಗಾದ ಪ್ರಶ್ನೆಯೂ ಬರಬಹುದು: ಬೆರಳು ಪರದೆಯ ಇಲ್ಲಿ ಬಿತ್ತು, ಅದು ನಕ್ಷೆಯ ಯಾವ ಜಾಗ? ಬಾಗಿಸದ ನಕ್ಷೆಗೆ ಮಾತೃಕೆಪ್ರಿಯರ ಮಾತೃಕೆಯೇ ಸಾಕು. ಬೆರಳು ಪರದೆಯ ಮೇಲೆ ಬಿದ್ದ ಜಾಗವನ್ನು ಹೇಳುವ ಕ್ಲೈಂಟ್‌ಎಕ್ಸ್ ಮತ್ತು ಕ್ಲೈಂಟ್‌ವೈಗಳಿಂದ ಕೇಂದ್ರವನ್ನು ಕಳೆದು, ವಿಲೋಮ ಮಾತೃಕೆಯಿಂದ ಹಾಯಿಸಿ, ಅರ್ಧ ಅಗಲ ಮತ್ತು ಅರ್ಧ ಎತ್ತರಗಳನ್ನು ಕೂಡಿಸಿದರೆ ಎಲಿಮೆಂಟಿನ ಒಳಗಿನ ನಿರ್ದೇಶಾಂಕ ದೊರೆಯುತ್ತದೆ. ಈವೆಂಟಿನ ಆಫ್‌ಸೆಟ್‌ಎಕ್ಸ್ ಕೂಡ ಟ್ರಾನ್ಸ್‌ಫಾರ್ಮನ್ನು ಕಳಚಿಯೇ ಕೊಡುತ್ತದೆ. ಆದರೆ ಅದು ಬೆರಳಿಗೆ ಸಿಕ್ಕ ಅತಿ ಒಳಗಿನ ಎಲಿಮೆಂಟಿಗೆ ಸಂಬಂಧಿಸಿದ್ದು, ಬೆರಳು ಹೆಸರಿನ ಪಟ್ಟಿಯ ಮೇಲೆ ಬಿದ್ದರೆ ನಕ್ಷೆಯದ್ದಲ್ಲ, ಪಟ್ಟಿಯ ಲೆಕ್ಕ ಬರುತ್ತದೆ.

ಪ್ರಶ್ನಿಸಿದವರ ಮರುಮಾತು: ಓರೆಅಕ್ಷರ, ಜಯನಗರ

ಊಹೆ ಸರಿಯಾಗಿತ್ತು, ಹಳದಿ ಮಾರ್ಗದ ಶೈಲಿಯಲ್ಲಿ ರೊಟೇಟ್ ಗುಣವನ್ನೇ ಬರೆದಿದ್ದೆ. ಚೀಟಿಯನ್ನು ಪಾಪೋವರ್ ಮಾಡಿದ ಮೇಲೆ ಅದು ಹೇಳಿದಲ್ಲಿಯೇ ತೆರೆಯುತ್ತಿದೆ. ಆದರೆ ಪಾಪೋವರ್‌ಗೆ ಬ್ರೌಸರ್ ತಾನಾಗಿ ಕೊಡುವ ಮಾರ್ಜಿನ್ ಆಟೋ ಮತ್ತು ಇನ್‌ಸೆಟ್ ಮೌಲ್ಯಗಳನ್ನು ತೆಗೆಯಬೇಕೆಂದು ತಿಳಿಯಲು ಅರ್ಧ ಗಂಟೆ ಹಿಡಿಯಿತು. ಅಲ್ಲಿಯವರೆಗೆ ಚೀಟಿ ಪರದೆಯ ನಡುವೆ ಬಂದು ಕೂರುತ್ತಿತ್ತು.

ಅಂತಿಮವಾಗಿ ಸೊನ್ನೆ ಅಗಲದ ಸ್ಪ್ಯಾನನ್ನೇ ಉಳಿಸಿಕೊಂಡೆ, ಬಾಗಿದ ನೋಟಕ್ಕೆ ಅದು ಬೇಕೇಬೇಕು. ಕೇಂದ್ರದ ಲೆಕ್ಕವನ್ನು ಅಳಿಸಿಲ್ಲ. ಬಾಗಿಸದ ನಕ್ಷೆಯಲ್ಲಿ ಎರಡೂ ವಿಧಾನಗಳ ಉತ್ತರವನ್ನು ಹೋಲಿಸುವ ಪರೀಕ್ಷೆಯೊಂದನ್ನು ಬರೆದಿದ್ದೇನೆ. ನೆನ್ನೆ ರಾತ್ರಿ ಎಲ್ಲ ನಿಲ್ದಾಣಗಳ ಮೇಲೂ ಅದನ್ನು ಓಡಿಸಿದಾಗ ಒಂದು ಹೆಸರಿನಲ್ಲಿ ಮಾತ್ರ ಎರಡು ಪಿಕ್ಸೆಲ್ ವ್ಯತ್ಯಾಸ ಕಂಡಿತು. ಮೆಜೆಸ್ಟಿಕ್ ಎದ್ದು ಕಾಣಲೆಂದು ಅದಕ್ಕೊಂದಕ್ಕೆ ಎರಡು ಪಿಕ್ಸೆಲ್ ಬಾರ್ಡರ್ ಹಾಕಿದ್ದೆ.